ಬಸ್ಸು ಹೋಗದ ರಸ್ತೆಗಳ ಮಾಮಿ

ಮೊನ್ನೆ ತಿರುವೊಟ್ಟಿಯೂರಿನ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ತಳ್ಳುಗಾಡಿಯ ಮೇಲೆ ಹಲಸಿನ ಹಣ್ಣು ಬಿಡಿಸುತ್ತಾ "ಏಲಗಿರಿ ಪಳಂ" ಎಂದು ಕೂಗುತ್ತಿದ್ದಳು. ನಿಜಕ್ಕೂ ಏಲಗಿರಿ ಬೆಟ್ಟದ ಹಣ್ಣೋ ಅಲ್ಲವೋ, ಆ ದೇವರಿಗೇ ಗೊತ್ತು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮೀನಿನ ಬುಟ್ಟಿಗಳೂ ಲಾರಿಯ ಹೊಗೆಯೂ ಎಲ್ಲೋ ಹೋದವು. ಬೆಟ್ಟದ ರಸ್ತೆಯಲ್ಲಿ ಬಾಡಿಗೆ ಸೈಕಲ್ ತುಳಿಯುತ್ತಾ ನಾನು ಮುಂದೆ, ಮೇಲ್ಮನೆ ಮಾಮಿ ಹಿಂದೆ...

ಅಲ್ಲೇ ಬಂದರಿನ ಪಕ್ಕದ ರಾಯಪುರದಲ್ಲಿ ನಾವಿದ್ದ ಮನೆಯ ಮಹಡಿಯಲ್ಲಿ ಅವರಿದ್ದರು. ಎರಡೂ ಮನೆಯವರು ಕನ್ನಡದವರೇ. ಆದರೂ ಮಾಮಿ ಎನ್ನುವುದು ಆ ತಮಿಳರ ಬೀದಿಯ ವಾಡಿಕೆ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಒಬ್ಬನೇ ಮಗ. ರೈಲ್ವೆಯಲ್ಲಿ ಗುಮಾಸ್ತೆಯಾಗಿದ್ದು, ಸೀರೆಯನ್ನು ಎತ್ತಿ ಸಿಕ್ಕಿಸಿ, ಅಷ್ಟೂ ವರ್ಷ ಸೈಕಲ್ಲಿನಲ್ಲೇ ಆಫೀಸಿಗೆ ಹೋಗಿ ಬಂದವರು. ಮೊದಮೊದಲು ಬೀದಿಯವರು ನಕ್ಕರಂತೆ. ನಕ್ಕು ನಕ್ಕು ಅವರಿಗೇ ಸಾಕಾಗಿ ಸುಮ್ಮನಾದರಂತೆ.

ನಿವೃತ್ತಿಯಾದ ಮರುವರ್ಷ, ಎರಡು ಸಾವಿರದ ಇಸವಿಯ ಆಸುಪಾಸು, ಅವರಿಗೆ ಕಣ್ಣಿನ ನರದ ಕಾಯಿಲೆ ಎಂದು ಗೊತ್ತಾಯಿತು. ನೇರ ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು. ಮಗ ಆ ವಾರವೇ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟ. ಅದರಲ್ಲಿ ಅವನ ತಪ್ಪಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಬಂದರಿನ ಕಂಟೇನರ್ ಲಾರಿಗಳು ಮೈಮೇಲೇ ಬರುವ ಆ ರಸ್ತೆಯಲ್ಲಿ ನೆಟ್ಟಗೆ ಕಣ್ಣು ಕಾಣುವವರೇ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗಬೇಕಿತ್ತು.

ಒಂದು ಸಂಜೆ ಮಾಮಿ ಮೆಟ್ಟಿಲಿಳಿದು ನಮ್ಮ ಮನೆಗೆ ಬಂದರು. ನಾನಾಗ ಇನ್ಶೂರೆನ್ಸ್ ಆಫೀಸಿಗೆ ಸೇರಿದ ಹೊಸತು. ಅಮ್ಮ ಅಡುಗೆಮನೆಯಲ್ಲಿದ್ದುದನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು.

"ಗಾಡಿ ಓಡಾಡದ ರಸ್ತೆ ಸಿಕ್ರೆ ನಾನಿನ್ನೂ ಸೈಕಲ್ ತುಳೀತೀನಿ ಕಣೇ. ಕಣ್ಣು ಪೂರ್ತಿ ಹೋಗೋದ್ರೊಳಗೆ ತುಳೀಬೇಕು. ನೀನು ಮುಂದೆ ಹೋಗು, ಮಾತಾಡ್ತಾ ಇರು. ನಿನ್ ದನಿ ಹಿಡ್ಕೊಂಡು ಬರ್ತೀನಿ."

ಮನೆಯಲ್ಲಿ, ಆಫೀಸಿನಲ್ಲಿ, ಕೊನೆಗೆ ನನ್ನನ್ನು ನೋಡಲು ಬಂದ ಗಂಡಿನ ಮನೆಯವರ ಎದುರಿಗೂ, 'ಸ್ವಲ್ಪ ಬಾಯಿ ಮುಚ್ಚಿಕೊಂಡಿರು' ಎನ್ನಿಸಿಕೊಂಡವಳು ನಾನು. ಮಾತಾಡ್ತಾ ಇರು ಎಂದು ಕೇಳಿಕೊಂಡವರು ಜಗತ್ತಿನಲ್ಲಿ ಅವರೊಬ್ಬರೇ. ಇಲ್ಲ ಎನ್ನಲು ಮನಸ್ಸಾದರೂ ಹೇಗೆ ಬಂದೀತು?

ಮಾಮಿ ತಮ್ಮ ಮಗನ ಹತ್ತಿರ, ಏಲಗಿರಿಯ ಮುರುಗನಿಗೆ ಒಂಬತ್ತು ಸಲ ಬರುತ್ತೇನೆಂದು ಹರಕೆ ಹೊತ್ತಿದ್ದೇನೆ ಎಂದರು. ದೇವರ ಹೆಸರು ಹೇಳಿದರೆ ನಮ್ಮವರು ಎದುರಾಡುವುದಿಲ್ಲ. ತಿಂಗಳಿಗೊಂದು ಭಾನುವಾರ ಬೆಳಗಿನ ರೈಲು. ಜೋಲಾರಪೇಟೆಯಲ್ಲಿಳಿದು ಎರಡು ಬಾಡಿಗೆ ಸೈಕಲ್ ಹಿಡಿದು, ಬಸ್ಸಿನ ಟಾಪಿನ ಮೇಲೆ ಹಾಕಿಸಿ, ಹದಿನಾಲ್ಕು ತಿರುವು ದಾಟಿ ಬೆಟ್ಟ ಹತ್ತುತ್ತಿದ್ದೆವು. ಹರಕೆ ಸುಳ್ಳಾಗಬಾರದೆಂದು ಮೊದಲು ದೇವಸ್ಥಾನಕ್ಕೆ ಹೋಗಿ ಒಂದು ನಮಸ್ಕಾರ ಹಾಕಿಬಿಡುತ್ತಿದ್ದರು.

ಮೇಲೆ ಹೋದರೆ ಇನ್ನೊಂದು ಪಜೀತಿ. ಬಸ್ಸು ಹೋಗದ ರಸ್ತೆ ಯಾವುದು ಎಂದು ಟೀ ಅಂಗಡಿಯವನನ್ನು ಕೇಳಿದರೆ, ಪಾಪ, ಅವನು ನಮಗೆ ಬಸ್ಸು ತಪ್ಪಿಹೋಗಿದೆ ಎಂದುಕೊಂಡು, "ಪತ್ತರೈಕ್ಕು ಬಸ್ ವರುಂ, ಉಕ್ಕಾರುಂಗ ಅಮ್ಮಾ" ಎಂದು ಬೆಂಚು ಒರೆಸಿಕೊಡುತ್ತಿದ್ದ. ಹತ್ತೂವರೆಯ ಬಸ್ಸು ನಮಗೆ ಬೇಡವೇ ಬೇಡ ಎಂದು ಅವನಿಗೆ ಅರ್ಥ ಮಾಡಿಸಲು ಮೂರು ಭಾನುವಾರ ಬೇಕಾಯಿತು. ಕಡೆಗೆ ಅವನೇ ಹಾಲಿನ ಗಾಡಿ ಮಾತ್ರ ಓಡಾಡುವ ರಸ್ತೆಗಳನ್ನು ತೋರಿಸಿಕೊಟ್ಟ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲಿನ ಗಾಡಿ ಬರುತ್ತದೆ. ನಡುವಿನ ಹೊತ್ತೆಲ್ಲ ರಸ್ತೆ ನಮ್ಮದು.

ಎಂಥ ರಸ್ತೆಗಳು ಅವು... ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಕಾಡು, ಅಲ್ಲೊಂದು ಇಲ್ಲೊಂದು ಮಣ್ಣಿನ ಗೋಡೆಯ ಮನೆ, ಹಲಸಿನ ಮರದ ಕೆಳಗೆ ಕಟ್ಟಿದ ಮೇಕೆ. ಸದ್ದು ಎಂದರೆ ನಮ್ಮ ಚೈನಿನ ಸದ್ದು, ಅದರ ಮೇಲೆ ನನ್ನ ಬಾಯಿ. ಆಫೀಸಿನ ಮ್ಯಾನೇಜರನ ಜಿಪುಣತನ ಹೇಳುತ್ತಾ ನಡುವೆ 'ಎಡಕ್ಕೆ ತಿರುಗುತ್ತೆ ಮಾಮಿ' ಎನ್ನುತ್ತಿದ್ದೆ. ಚಿಕ್ಕಪ್ಪನ ಮದುವೆಯ ರಂಪ ಹೇಳುತ್ತಾ 'ಇಲ್ಲಿ ಗುಂಡಿ' ಎನ್ನುತ್ತಿದ್ದೆ. ಹಿಂದಿನಿಂದ ಅವರು "ಆಮೇಲೆ? ಅವನೇನಂದ?" ಎಂದು ಕೇಳುತ್ತಲೇ ತಿರುವು ದಾಟಿಬಿಡುತ್ತಿದ್ದರು. ಏರು ಬಂದರೆ ಇಳಿದು ತಳ್ಳುವರು. ಇಳಿಜಾರು ಬಂದಾಗ ಮಾತ್ರ ನಾನು ಬ್ರೇಕು ಬಿಡುತ್ತಿರಲಿಲ್ಲ. ಅವರಿಗೆ ಇಳಿಜಾರೇ ಸಂತೋಷ.

ಏಳನೆಯ ಸಲ ನಾನೊಂದು ತಪ್ಪು ಮಾಡಿದೆ. ಒಂದು ತಿರುವಿನಲ್ಲಿ ಕಾಡು ಸರಿದು, ಕೆಳಗಿನ ಬಯಲೆಲ್ಲ ಒಮ್ಮೆಗೇ ಕಂಡುಬಿಟ್ಟಿತು. ಹುಟ್ಟಿದ ಮೇಲೆ ಮೊದಲ ಸಲವೋ ಏನೋ, ನನ್ನ ಬಾಯಿ ಕಟ್ಟಿಹೋಯಿತು. ನಾಲ್ಕೇ ಕ್ಷಣ. ನನ್ನ ದನಿ ನಿಂತದ್ದರಿಂದ ತಿರುವು ತಿಳಿಯದೆ, ಮಾಮಿ ನೇರವಾಗಿ ರಸ್ತೆ ಬಿಟ್ಟು, ಮಳೆ ಕುಡಿದ ರಾಗಿ ಹೊಲಕ್ಕೆ ನುಗ್ಗಿದರು. ನಾನು ಸೈಕಲ್ ಬಿಸಾಕಿ ಓಡಿದೆ. ಅವರು ಬೀಳಲಿಲ್ಲ. ಪೈರಿನ ನಡುವೆ ಎರಡೂ ಕಾಲು ಊರಿ ನಿಂತು, ಮೊಣಕಾಲುದ್ದ ಕೆಸರು ಮಾಡಿಕೊಂಡು ನಗುತ್ತಿದ್ದರು. "ಏನೇ, ನಿನಗೂ ಮಾತು ನಿಂತುಹೋಗತ್ತಾ?" ಎಂದರು.

ಆ ಕೆಸರೇ ನಮ್ಮನ್ನು ಹಿಡಿದುಕೊಟ್ಟಿತು. ಮನೆ ಸೇರಿದಾಗ ಮಗ ಬಾಗಿಲಲ್ಲೇ ನಿಂತಿದ್ದ. "ಎನ್ನಮ್ಮಾ ಇದು? ಮುರುಗನ ಕೋಯಿಲಲ್ಲಿ ಇಷ್ಟು ಮಣ್ಣಾ?" ಎಂದ. ಮಾಮಿ ಮುಚ್ಚಿಡಲಿಲ್ಲ, ಎಲ್ಲವನ್ನೂ ಹೇಳಿದರು. ಅವನು ನನ್ನ ಕಡೆ ತಿರುಗಿದ. "ಕಣ್ಣು ಕಾಣದೋರನ್ನ ಸೈಕಲ್ ಮೇಲೆ ಕರ್ಕೊಂಡ್ ಹೋಗಿದೀಯಲ್ಲ, ನಿಂಗೆ ಬುದ್ಧಿ ಇದೆಯಾ?" ನನ್ನ ಅಪ್ಪ ಅಮ್ಮನೂ ಮೆಟ್ಟಿಲ ಬಳಿ ಬಂದು ನಿಂತು ಕೇಳಿಸಿಕೊಳ್ಳುತ್ತಿದ್ದರು.

ಮಾಮಿ ಸೆರಗು ಸಿಕ್ಕಿಸಿಕೊಂಡರು. "ಅವಳು ನನ್ನ ಕರ್ಕೊಂಡ್ ಹೋಗಿಲ್ಲ, ನಾನು ಅವಳನ್ನ ಕರ್ಕೊಂಡ್ ಹೋದೆ. ಕಣ್ಣು ಹೋದ್ಮೇಲೆ ಮನೇಲಿ ಕೂತ್ಕೊಳಕ್ಕೆ ಬೇಕಾದಷ್ಟು ಟೈಮ್ ಇದೆಯಪ್ಪ. ಇರೋವಾಗ್ಲೇ ಯಾಕೆ ಕೂತ್ಕೋಬೇಕು?" ಎಂದರು.

ಮುಂದಿನ ತಿಂಗಳು ಅವರು ಮತ್ತೆ ಕೆಳಗಿಳಿದು ಬಂದು, ಭಾನುವಾರ ಹೊರಡೋಣವೇ ಎಂದರು. ಇನ್ನು ಬೆಟ್ಟಕ್ಕೆ ಹೋಗುವುದಿಲ್ಲವೆಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದರು. ಆಫೀಸಿನಲ್ಲಿ ಕೆಲಸವಿದೆ ಮಾಮಿ ಎಂದೆ. ಭಾನುವಾರ ಎಂಥ ಆಫೀಸು ಎಂದು ಅವರು ಕೇಳಲಿಲ್ಲ. ಕೈಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ತಡವಿಕೊಂಡು ಮೇಲೆ ಹೋದರು.

ಅದಾದ ಮೇಲೂ ಎರಡು ವರ್ಷ ಅವರಿಗೆ ಅಷ್ಟೋ ಇಷ್ಟೋ ಕಾಣುತ್ತಿತ್ತು. ಆ ಎರಡು ವರ್ಷವೂ ಅವರನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡರು. ಆಮೇಲೆ ಪೂರ್ತಿ ಕತ್ತಲೆ. ಬೆಟ್ಟದ ಇಳಿಜಾರಿನಲ್ಲಿ ಒಂದು ದಿನವೂ ಬೀಳದವರು, ಸ್ವಂತ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮತ್ತೆ ಏಳಲಿಲ್ಲ...

ಅವರ ಮಗ ಈಗಲೂ ಮದುವೆ ಮುಂಜಿಗಳಲ್ಲಿ ಸಿಗುತ್ತಾನೆ. ಅಮ್ಮನನ್ನು ಬೆಟ್ಟಕ್ಕೆ ಎಳೆದುಕೊಂಡು ಹೋದವಳು ಇವಳೇ ಎಂದು ನಾಲ್ಕು ಜನರ ಮುಂದೆ ಹೇಳುತ್ತಾನೆ, ಅರ್ಧ ತಮಾಷೆ, ಅರ್ಧ ಮುನಿಸು. ಹೌದು, ನಾನೇ, ಏಳು ಸಲ ಎನ್ನುತ್ತೇನೆ. ಆ ಏಳಕ್ಕೂ ನಾನು ಯಾರ ಕ್ಷಮೆಯನ್ನೂ ಕೇಳುವವಳಲ್ಲ. ಕೇಳಬೇಕಾದದ್ದು ಹೋಗದೆ ಉಳಿದ ಎಂಟನೆಯದಕ್ಕೆ. ಅದನ್ನು ಕೇಳೋಣವೆಂದರೆ ಮಾಮಿ ಇಲ್ಲ.