ಯಾರ ಪೈಕಿಯೂ ಅಲ್ಲದ ಗೂಢಚಾರ

ನಮ್ಮ ಕಡೆ ಹೊಸಬರನ್ನು ಕಂಡರೆ ಹೆಸರು ಕೇಳುವುದು ಆಮೇಲೆ. ಮೊದಲು ಕೇಳುವುದು ಮನೆ ಎಲ್ಲಿ, ಯಾರ ಪೈಕಿ, ಅಂದರೆ ಯಾವ ಬಳಗದವರು ಎಂದು. ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯಿಂದ ನಾನು ಸೊಸೆಯಾಗಿ ಬಂದ ಮೇಲೆ ನೆಂಟರು ಹಾಗೆ ಕೇಳಿದಾಗಲೆಲ್ಲ ಅತ್ತೆ ಮಾತನ್ನು ಮಳೆಯ ಕಡೆಗೆ ತಿರುಗಿಸುತ್ತಿದ್ದರು. ನನ್ನನ್ನು ಬೈದವರಲ್ಲ, ಆದರೆ ನೇರವಾಗಿ ಮಾತಾಡಿಸಿದವರೂ ಅಲ್ಲ. ಏನಿದ್ದರೂ ಮಗನ ಮೂಲಕ, ನಿನ್ನ ಹೆಂಡತಿಗೆ ಹೇಳು ಎಂದು.

ಕಳೆದ ಬೇಸಗೆ ರಜೆಯಲ್ಲಿ ಅವರು ಅಗಲ್ಪಾಡಿಯ ಮನೆಯ ಮೆಟ್ಟಿಲಲ್ಲಿ ಜಾರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಂಬಳೆಯ ನಮ್ಮ ಬಾಡಿಗೆ ಮನೆಗೆ ಬಂದರು. ಗಂಡ ಬೆಳಗಿನ ರೈಲಿಗೆ ಮಂಗಳೂರಿಗೆ ಹೋದರೆ ಬರುವುದು ಸಂಜೆ. ನಾನು ಟೀಚರ್, ನನಗೆ ರಜೆ. ಮಾತು ದಾಟಿಸಲು ಮಗ ಇಲ್ಲದ್ದರಿಂದ ಅತ್ತೆ ಗೋಡೆ ನೋಡಿ, ಒಂದು ಕಾಫಿ ಸಿಕ್ಕಿದ್ದರೆ ಆಗುತ್ತಿತ್ತು ಎನ್ನುತ್ತಿದ್ದರು. ಗೋಡೆಯ ಪರವಾಗಿ ನಾನು ಮಾಡಿಕೊಡುತ್ತಿದ್ದೆ. ಈ ಹೆಂಗಸು ಒಮ್ಮೆಯಾದರೂ ನನ್ನ ಮುಖ ನೋಡಿ ಮಾತಾಡಲಿ ಎಂಬುದಷ್ಟೇ ನನ್ನ ಆಸೆ.

ಹೊತ್ತು ಹೋಗದೆ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಶುರು ಮಾಡಿದೆ. ಹಳೇ ಕಾಲದ ನಮೂನೆಯದು, ಚಿತ್ರಗಳೆಲ್ಲ ಚೌಕ ಚೌಕ. ಬಂದರಿನಲ್ಲಿ ಮುದುಕಿಯೊಬ್ಬಳು ನಡೆಸುವ ಹೋಟೆಲಿನಲ್ಲಿ ಒಬ್ಬ ಗೂಢಚಾರ ಕಣ್ಣು ಬಿಡುತ್ತಾನೆ, ತಾನು ಯಾರೆಂದೇ ಅವನಿಗೆ ನೆನಪಿಲ್ಲ. ಕಂಡದ್ದನ್ನೆಲ್ಲ ಮೌಸಿನಿಂದ ಒತ್ತುತ್ತಾ, ಸಿಕ್ಕಿದ್ದನ್ನು ಕಿಸೆಗೆ ಹಾಕುತ್ತಾ ಅವನ ಗುರುತು ನಾವು ಹುಡುಕಬೇಕು.

ಎರಡು ದಿನ ಕಳ್ಳನೋಟದಲ್ಲೇ ನೋಡಿದ ಅತ್ತೆ ಮೂರನೆಯ ದಿನ ಗೋಡೆಯನ್ನು ಕೇಳಿದರು, ಆ ಜನ ಯಾರು ಎಂದು. ಅವನಿಗೇ ಗೊತ್ತಿಲ್ಲ ಎಂದೆ.

"ಮನೆ ಎಲ್ಲಿ ಅಂತಲೂ ಗೊತ್ತಿಲ್ವಾ?" ಈ ಸಲ ನನ್ನನ್ನೇ ಕೇಳಿದರು. ಅಂಥ ಮನುಷ್ಯ ಭೂಮಿಯ ಮೇಲೆ ಇರುವುದು ಅವರಿಗೆ ತಡೆಯಲಾಗಲಿಲ್ಲ.

ಅಂದಿನಿಂದ ಅವರ ಕುರ್ಚಿ ನನ್ನ ಪಕ್ಕಕ್ಕೆ ಬಂತು. ಇಂಗ್ಲಿಷ್ ಮಾತುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಬಂದರಿನ ಕಾವಲುಗಾರ ಗೇಟು ತೆರೆಯದೆ ನಮ್ಮನ್ನು ಸತಾಯಿಸಿದ. ನೋಟು ತೋರಿಸಿದೆ, ಪಿಸ್ತೂಲು ತೋರಿಸಿದೆ, ಜಪ್ಪಯ್ಯ ಅನ್ನಲಿಲ್ಲ.

"ಬಿಸಿಲಲ್ಲಿ ನಿಂತವ ಪಾಪ. ಮೊದಲು ಕುಡಿಲಿಕ್ಕೆ ಕೊಡು."

ಮನೆಗೆ ಬಂದವರ ಮುಂದೆ ನೀರು-ಬೆಲ್ಲ ಇಡದೆ ಮಾತು ಶುರು ಮಾಡುವವರಲ್ಲ ಅತ್ತೆ. ನಗು ಬಂದರೂ ಹೋಟೆಲಿನ ಲೋಟದಲ್ಲಿ ನೀರು ತುಂಬಿಸಿ ತಂದು ಕೊಟ್ಟೆ. ಕಾವಲುಗಾರ ಗಟಗಟ ಕುಡಿದ, ಗೇಟು ತೆರೆದ. ಅತ್ತೆಯನ್ನು ಹಿಡಿಯುವವರಿಲ್ಲ. ಮುಂದೆ ಸಿಕ್ಕಿದವರಿಗೆಲ್ಲ ನೀರು ಕೊಡಿಸಿದರು, ಗೂಢಚಾರರನ್ನು ಹಿಡಿಯಲೆಂದೇ ನಿಂತಿದ್ದ ಸೇನಾಧಿಕಾರಿಗೂ. ಅವನು ಲೋಟ ಎಸೆದು ನಮ್ಮವನನ್ನು ಜೈಲಿಗೆ ಹಾಕಿದ. ಸಂಜೆ ಮಗ ಬಂದಾಗ ಅತ್ತೆ, "ಇವತ್ತು ನಾವು ಜೈಲಿಗೆ ಹೋದೆವು" ಎಂದರು. ಗಂಡ ಹೌಹಾರಿದ್ದು ಜೈಲಿಗೋ, ನಾವು ಎಂಬುದಕ್ಕೋ, ನಾನು ಕೇಳಲಿಲ್ಲ. ಕೊಟ್ಟ ನೀರು ಚೆಲ್ಲಿದ ಆ ಅಧಿಕಾರಿಯನ್ನು ಮಾತ್ರ ಅತ್ತೆ ಇನ್ನೂ ಕ್ಷಮಿಸಿಲ್ಲ.

ಜೈಲಿನಿಂದ ತಪ್ಪಿಸಿಕೊಂಡ ಮೇಲೆ, ಕೊನೆಗೆ ನಮ್ಮವನಿಗೆ ನೆನಪು ಬಂತು. ಆ ಬಂದರನ್ನು ಸುಡಲೆಂದೇ ಬಂದ ಶತ್ರುವಿನ ಗೂಢಚಾರ ಅವನೇ. ಹಡಗು ಹತ್ತಿ ತನ್ನವರ ಹತ್ತಿರ ಹಿಂದೆ ಹೋಗುವುದೋ, ಅನ್ನ ಹಾಕಿದ ಹೋಟೆಲಿನ ಮುದುಕಿಯ ಜೊತೆ ಇರುವುದೋ, ಆರಿಸಿ ಎಂದಿತು ಆಟ. ಅವರವರ ಜನ ಅವರವರಿಗೆ ಎಂದೇ ಅತ್ತೆ ಹೇಳುತ್ತಾರೆಂದುಕೊಂಡು ನಾನು ಮೌಸಿನ ಬಾಣವನ್ನು ಹಡಗಿನ ಕಡೆಗೇ ಒಯ್ದಿದ್ದೆ. ಅತ್ತೆ ನನ್ನ ಕೈ ಹಿಡಿದರು.

"ಹಿಂದೆ ಯಾರಾಗಿದ್ದರೆ ಎಂತ? ಇಷ್ಟು ದಿನ ನಮ್ಮೊಟ್ಟಿಗೆ ಇದ್ದಾನಲ್ಲ. ಇಲ್ಲೇ ಇರಲಿ."

ಪ್ಲಾಸ್ಟರ್ ಬಿಚ್ಚಿದ ಮೇಲೆ ಅವರನ್ನು ಊರಿಗೆ ಬಿಡಲು ಹೊರಟೆ. ಕುಂಬಳೆಯಲ್ಲಿ ಬಸ್ಸು ಹತ್ತಿ ಕೂತದ್ದೇ ತಡ, ಎದುರು ಸೀಟಿನಿಂದ ಅತ್ತೆಯ ಹಳೇ ಪರಿಚಯದವರೊಬ್ಬರು ತಿರುಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವಳು ಯಾರ ಪೈಕಿ ಎಂದರು. ನಾನು ಕಿಟಕಿಯ ಹೊರಗೆ ಮೋಡ ಉಂಟೋ ಎಂದು ನೋಡಿದೆ, ಈಗ ಮಳೆಯ ಮಾತು ಬರುತ್ತದಲ್ಲ.

"ನಮ್ಮ ಪೈಕಿ" ಎಂದರು ಅತ್ತೆ. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು ಮೊದಲು ನನಗೆ ಕೊಟ್ಟರು.