ಗುಮ್ಮಟದ ನಡುವಿನ ಜಾಕಿ

ಶಿವಾಜಿನಗರದ ಚಾಂದ್ ಪಾಷಾ ಗುಮ್ಮಟ ಕಟ್ಟುವ ಮೇಸ್ತ್ರಿ. ಮಸೀದಿ, ದೇವಸ್ಥಾನ, ಚರ್ಚು ಎಂದು ಅರವತ್ಮೂರು ವರ್ಷದ ಬಾಳಿನಲ್ಲಿ ನಲವತ್ತೊಂದು ಎಬ್ಬಿಸಿದ್ದರು. ಒಂದರಲ್ಲೂ ಕೂದಲೆಳೆಯಷ್ಟು ಬಿರುಕಿಲ್ಲ. ಮಂಡಿ ಸವೆದು, ಇನ್ನು ಏಣಿ ಹತ್ತಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಕಗ್ಗದಾಸಪುರದ ಸಮುದಾಯ ಭವನದ್ದೇ ಕೊನೆಯದು. ಅದನ್ನೂ ಹೆಸರು ಕೆಡದಂತೆ ಮುಗಿಸಬೇಕು ಎಂಬುದೊಂದೇ ಅವರ ಆಸೆ. ಆದರೆ ಜನ ಬಿಡಬೇಕಲ್ಲ!

ನಲವತ್ತಡಿ ಅಗಲ, ಮೂರೇ ಇಂಚು ದಪ್ಪ. ಭವನದ ಕಾರ್ಯದರ್ಶಿ ಮುನಿರಾಜಪ್ಪ ಬಾಡಿಗೆಗೆಂದು ಮೂರು ಮಹಡಿ ಕಟ್ಟಿಸಿದ್ದ ಮನುಷ್ಯ. ದಪ್ಪ ತಾರಸಿ, ನಾಲ್ಕು ಕಂಬ ಬಿಟ್ಟರೆ ಬೇರೇನನ್ನೂ ನಂಬುವವರಲ್ಲ. ಕಾಂಕ್ರೀಟು ಗಟ್ಟಿಯಾದ ಮೇಲೆ ಪಾಷಾ ಕೆಳಗಿನ ಜಾಕಿಗಳನ್ನು, ಅಂದರೆ ತಿರುಪಿದರೆ ಉದ್ದವಾಗುವ ಕಬ್ಬಿಣದ ಊರುಗಂಬಗಳನ್ನು, ನಡುವಿನಿಂದ ಶುರುಮಾಡಿ ಸುತ್ತುಸುತ್ತಾಗಿ ತೆಗೆಸಿದರು. ವಾರ ಬಿಟ್ಟು ಬಂದು ನೋಡಿದರೆ ನಟ್ಟನಡುವೆ ಒಂದು ಜಾಕಿ ಮತ್ತೆ ಎದ್ದು ನಿಂತಿದೆ!

"ಇದ್ಯಾರು ನಿಲ್ಲಿಸಿದ್ದು?"

"ನಾನೇ ಒಂದು ಎತ್ತಿಟ್ಕೊಂಡಿದ್ದೆ. ಇರ್ಲಿ ಬಿಡಿ ಪಾಷಾ ಭಾಯ್, ಒಂದು ಧೈರ್ಯ," ಎಂದರು ಮುನಿರಾಜಪ್ಪ.

"ಮುನಿರಾಜಣ್ಣ, ಕರಟ ಬೋರಲು ಹಾಕಿದ್ರೆ ಒಳಗೆ ಕೋಲು ಕೊಡ್ತೀರಾ? ಭಾರ ಎಲ್ಲಾ ಸುತ್ತ ಬುಡಕ್ಕೆ ಇಳೀತದೆ. ನಡುವೆ ಒತ್ತು ಕೊಟ್ರೆ ಅಲ್ಲೇ ಮೇಲಕ್ಕೆ ತಿವಿದು ಒಡೀತದೆ. ಇವತ್ತೇ ತೆಗೀರಿ."

"ಆಯ್ತು, ತೆಗಿಸ್ತೀನಿ," ಎಂದರು. ತೆಗೆಸಲಿಲ್ಲ. ಮಳೆ ಬಂತು. ಜಾಕಿಯ ಸುತ್ತ ಒಳಮೈಯಲ್ಲಿ ಬಳೆಯ ಆಕಾರಕ್ಕೆ ತೇವ ಕಾಣಿಸಿತು. ಗುಮ್ಮಟ ಕುಸಿಯುತ್ತಿದೆ ಎಂದುಕೊಂಡ ಮುನಿರಾಜಪ್ಪ ದಿನಾ ಬೆಳಿಗ್ಗೆ ಬಂದು ಜಾಕಿಗೆ ಒಂದಿಷ್ಟು ಬಿಗಿ ಕೊಡತೊಡಗಿದರು. ತೇವ ಹೆಚ್ಚಿತು. ಅವರು ಬಿಗಿಯುವುದೂ ಹೆಚ್ಚಿತು.

ಸುದ್ದಿ ತಿಳಿದ ಪಾಷಾ ತಲೆ ಚಚ್ಚಿಕೊಂಡು ಓಡಿಬಂದರು. ನೋಯುವ ಮಂಡಿಯಲ್ಲೇ ಏಣಿ ಹತ್ತಿ, ಮುನಿರಾಜಪ್ಪನವರನ್ನೂ ಹತ್ತಿಸಿದರು. ಗುಮ್ಮಟದ ನೆತ್ತಿಯಲ್ಲಿ, ಸರಿಯಾಗಿ ಜಾಕಿಯ ಮೇಲೆ, ದುಂಡಗೆ ಬಿರುಕು. ಪಾಷಾ ಅದರ ಗುಂಟ ಬೆರಳಾಡಿಸಿದರು.

ಮುನಿರಾಜಪ್ಪ ಬಗ್ಗಿ ನೋಡಿ, "ಅಂದ್ರೆ ಒಂದು ಸಾಲ್ದು. ಇನ್ನೊಂದು ಜಾಕಿ ಹಾಕಣ," ಎಂದರು.

ಪಾಷಾ ಕೆಳಗಿಳಿದು, ಎಲ್ಲರನ್ನೂ ಹೊರಗೆ ಕಳಿಸಿ, ಒಳಗಿನಿಂದ ಬಾಗಿಲ ಅಗುಳಿ ಹಾಕಿಕೊಂಡರು. ಬಿರುಕು ಎಷ್ಟು ಆಳಕ್ಕೆ ಇಳಿದಿದೆಯೋ ಅವರಿಗೂ ಗೊತ್ತಿರಲಿಲ್ಲ. ಹೊರಗೆ ಬಾಗಿಲು ಬಡಿಯುವ ಸದ್ದು. ಅವರು ಜಾಕಿಯನ್ನು ಕಾಲು ಸುತ್ತು ಸಡಿಲಿಸುವುದು, ಮೇಲೆ ನೋಡುವುದು, ಕಾಯುವುದು. ಮತ್ತೆ ಕಾಲು ಸುತ್ತು. ಒಂದು ಗಂಟೆಯ ಮೇಲೆ ಜಾಕಿ ಕಳಚಿ ಕೈಗೆ ಬಂತು. ಗುಮ್ಮಟ ಅಲುಗಲಿಲ್ಲ. ವಾರವೆಲ್ಲ ಅಲ್ಲೇ ಇದ್ದು ಬಿರುಕಿಗೆ ಸಿಮೆಂಟಿನ ಹಾಲು ತುಂಬಿಸಿದರು. ಆಮೇಲೆ ಎರಡು ದೊಡ್ಡ ಮಳೆ ಬಂದವು. ಒಳಗೆ ಒಂದು ಹನಿಯೂ ಇಳಿಯಲಿಲ್ಲ.

ಆಯುಧ ಪೂಜೆಯ ದಿನ ಭವನದ ಪ್ರಾರಂಭ. ಮುನಿರಾಜಪ್ಪ ಫೋನು ಮಾಡಿ, "ನೀವು ಬರ್ಲೇಬೇಕು ಭಾಯ್," ಎಂದರು. ಪಾಷಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಒಳಗೆ ಜನ ಗುಂಪುಗಟ್ಟಿದ್ದರು. ಗುಂಪಿನ ನಡುವೆ ಮಣೆಯ ಮೇಲೆ ನಿಲ್ಲಿಸಿದ ಆ ಜಾಕಿ. ಮೈತುಂಬ ಅರಿಶಿನ ಕುಂಕುಮ, ಕುತ್ತಿಗೆಗೆ ಸೇವಂತಿಗೆ ಹಾರ, ಬುಡದಲ್ಲಿ ಒಡೆದ ಬೂದುಗುಂಬಳ.

"ಒಂದು ತಿಂಗಳು ಇದೇ ಹೊತ್ಕೊಂಡು ನಿಂತಿತ್ತು. ಇಲ್ದಿದ್ರೆ ಗುಮ್ಮಟ ಅವತ್ತೇ ನೆಲ ಕಾಣ್ತಿತ್ತು," ಎಂದು ಮುನಿರಾಜಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಜನ ಒಬ್ಬೊಬ್ಬರಾಗಿ ಜಾಕಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಪಾಷಾ, ಕೈಗೆ ಕೊಟ್ಟ ಕಡ್ಲೆಪುರಿ ಹಿಡಿದು ಗೋಡೆಯ ಪಕ್ಕ ಕೂತು ಮೇಲೆ ನೋಡಿದರು. ಅಷ್ಟು ಜನರಲ್ಲಿ ತಲೆ ಎತ್ತಿ ನೋಡುತ್ತಿದ್ದವರು ಅವರೊಬ್ಬರೇ.