ಇಪ್ಪತ್ತು ಕೂಸುಗಳನ್ನು ಬಿಟ್ಟುಕೊಡದ ಯಮುನಾಬಾಯಿಯವರು

ಭೂಮಿಯ ಜನಸಂಖ್ಯೆ ಎಂಟುನೂರು ಕೋಟಿ ದಾಟಿತೆಂದು ಪತ್ರಿಕೆಗಳು ಬರೆಯುತ್ತವೆ. ಒಬ್ಬ ಹೆಣ್ಣುಮಗಳು ತನ್ನ ಬದುಕಿನಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ, ಐವತ್ತು ವರ್ಷಗಳಲ್ಲಿ ಅದು ಎಷ್ಟು ಇಳಿಯಿತು ಎಂಬುದನ್ನು ಪಂಡಿತರು ದಶಾಂಶ ಬಿಂದುವಿನ ಆಚೆಗೂ ಎರಡು ಅಂಕಿ ಹಾಕಿ ಹೇಳುತ್ತಾರೆ. ಆ ಅಂಕಿಗಳು ಎಲ್ಲಿಂದ ಬಂದವೆಂದು ಕೇಳುವವರು ಮಾತ್ರ ಕಡಿಮೆ. ಆಯ್ದ ಕೆಲವು ಊರುಗಳಲ್ಲಿ ಆರು ತಿಂಗಳಿಗೊಮ್ಮೆ ಮನೆಮನೆಯ ಬಾಗಿಲಿಗೆ ಹೋಗಿ, ಇಲ್ಲಿ ಯಾರು ಹುಟ್ಟಿದರು, ಯಾರು ತೀರಿಕೊಂಡರು ಎಂದು ಕೇಳಿ ಬರೆದುಕೊಳ್ಳುವವರಿದ್ದಾರಲ್ಲ, ಅವರ ಚಪ್ಪಲಿ ಸವೆದಷ್ಟೇ ಆ ವಿದ್ಯೆಯ ಬಂಡವಾಳ. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಈ ಕೆಲಸವನ್ನು ಮೂವತ್ತೇಳು ವರ್ಷ ಮಾಡಿ ನಿವೃತ್ತರಾಗಿರುವ ಶ್ರೀಮತಿ ಯಮುನಾಬಾಯಿಯವರು ಆ ಸಾಲಿನ ಮೊದಲಿಗರೆಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ.

ಅವರ ಅಭಿನಂದನ ಗ್ರಂಥಕ್ಕೆ ಲೇಖನ ಕೇಳಲು ಬಂದ ಸಮಿತಿಯವರು, ಇದು ಸಂತೋಷದ ಸಂದರ್ಭ, ಹಳೆಯ ಕಹಿ ಬೇಡವೆಂದು ಮೆಲ್ಲಗೆ ಸೂಚಿಸಿದರು. ಅವರು ನನ್ನನ್ನು ಕ್ಷಮಿಸಬೇಕು. 'ಕಲ್ಪಿತ ಜನನಗಳನ್ನು ದಾಖಲಿಸಿದ್ದಾರೆ' ಎಂಬ ಮೆಮೊ ಇಂದಿಗೂ ಈ ಹೆಣ್ಣುಮಗಳ ಸೇವಾ ಪುಸ್ತಕದಲ್ಲಿದೆ. ಅದನ್ನು ಹಾಗೆಯೇ ಇಟ್ಟುಕೊಂಡು ಮೇಲೆ ಶಾಲು ಹೊದಿಸುವುದೆಂದರೆ ನನಗೆ ಸಿಟ್ಟು ಬರುತ್ತದೆ, ನಾಚಿಕೆಯೂ ಆಗುತ್ತದೆ.

ಅವರು ಕೆಲಸಕ್ಕೆ ಸೇರಿದ್ದು 1988ರಲ್ಲಿ. ನಾನು ಅವರನ್ನು ಕಂಡದ್ದು 2006ರಲ್ಲಿ, ಸಂಖ್ಯಾಶಾಸ್ತ್ರದ ಪದವಿಯ ಬಿಸಿ ಆರದ ಅಧಿಕಾರಿಯಾಗಿ ಹದಿನೈದು ದಿನದ ತರಬೇತಿಗೆ ಬಂದಾಗ. ಊರೂರಿನಲ್ಲಿ ಅವರಿಗೆ 'ಲೆಕ್ಕದ ಅಕ್ಕೋರು' ಎಂದೇ ಹೆಸರು. ಮೊದಲ ದಿನವೇ ಬಸ್ ನಿಲ್ದಾಣದ ಬಳಿ ನನಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಕೊಡಿಸಿ, "ಹೊಟ್ಟಿ ತುಂಬಾ ತಿನ್ರಿ ಸಾಹೇಬ್ರ, ಇವತ್ತು ಗಾದಿಗನೂರಾಗ ಎಂಬತ್ತು ಮನಿ ಅದಾವ" ಎಂದರು. ಗಾದಿಗನೂರಿನ ಸೊಸೆ ಚೊಚ್ಚಲ ಹೆರಿಗೆಗೆ ಕಂಪ್ಲಿಯ ತವರಿಗೆ ಹೋದರೆ, ಹುಟ್ಟಿದ ಕೂಸನ್ನು ಕಂಪ್ಲಿಯವರು ಗಾದಿಗನೂರಿನದೆಂದು ಬಿಡುತ್ತಾರೆ, ಗಾದಿಗನೂರಿನವರು ಇನ್ನೂ ಬಂದಿಲ್ಲವೆಂದು ಬಿಡುತ್ತಾರೆ. ಹೀಗೆ ಎರಡೂ ಕಡೆ ಬಿಟ್ಟುಹೋಗುವ ಮಕ್ಕಳನ್ನು ಹಿಡಿಯಲು ಅವರು ಕೈಯಿಂದ ಬಸ್ ಚಾರ್ಜು ಕೊಟ್ಟು ಕಂಪ್ಲಿಗೆ ಹೋಗಿ ಬರುತ್ತಿದ್ದರು. ನನ್ನ ಯಾವ ಪಠ್ಯಪುಸ್ತಕದಲ್ಲೂ ತವರುಮನೆ ಎಂಬ ಮಾತು ಇರಲಿಲ್ಲ.

2009ರಲ್ಲಿ ಅವರಿಗೆ ಸಂಡೂರಿನಿಂದ ಕುರೆಕುಪ್ಪದ ಕಡೆಗಿನ ಕೂಲಿಕಾರರ ಶೆಡ್ಡುಗಳ ಸಾಲು ಎಣಿಕೆಗೆ ಬಂತು. ನಮ್ಮ ನಮೂನೆಯಲ್ಲಿದ್ದ ಪ್ರಶ್ನೆ, 'ನಿಮಗೆ ಎಷ್ಟು ಮಕ್ಕಳು?' ಎಂಬುದು. ಜಂಬವ್ವನೆಂಬ ಕೂಲಿ ಹೆಂಗಸು "ಎರಡ್ರಿ" ಎಂದಳು. ಯಮುನಾಬಾಯಿಯವರು ಪೆನ್ನು ಮುಚ್ಚಿ, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಇನ್ನೊಂದು ಬಗೆಯಲ್ಲಿ ಕೇಳಿದರು.

"ಬಾಣಂತನ ಎಷ್ಟು ಸಲ ಆತವ್ವಾ?"

"ಮೂರು ಸಲರಿ. ನಡುವಿಂದು ಒಂಬತ್ತು ದಿನ ಇತ್ತು. ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ಅದನ್ನ ಹ್ಯಾಂಗ ಹೇಳೂದ್ರಿ ಅಕ್ಕೋರ? ಇಷ್ಟು ದಿನ ಯಾರೂ ಕೇಳೇ ಇಲ್ಲ."

ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದ ಕೂಸನ್ನು ಈ ಸೀಮೆಯ ತಾಯಂದಿರು ಲೆಕ್ಕಕ್ಕೆ ಹೇಳುವುದಿಲ್ಲ, ಒಳಗೆ ಮರೆಯುವುದೂ ಇಲ್ಲ. ಯಮುನಾಬಾಯಿಯವರು ಪ್ರತಿ ಶೆಡ್ಡಿನಲ್ಲೂ ಹೀಗೆಯೇ ಕೇಳಿದರು. ಹಿಂದಿನ ಮೂರು ವರ್ಷಗಳಲ್ಲಿ ಹುಟ್ಟಿ, ಹೆಸರಿಲ್ಲದೆ ಹೋದ ಕೂಸುಗಳು ಹತ್ತೊಂಬತ್ತು. ಪ್ರತಿಯೊಂದಕ್ಕೂ ಒಂದೊಂದು ಸಾಲು ಬರೆದು, ಹೆಸರಿನ ಜಾಗದಲ್ಲಿ ಗೆರೆ ಎಳೆದು, ತಾಯಿಯ ಹೆಸರು ಕಾಣಿಸಿ ಕಚೇರಿಗೆ ಕಳಿಸಿದರು.

ಕಂಪ್ಯೂಟರು ಹೆಸರಿಲ್ಲದ ಸಾಲನ್ನು ಒಪ್ಪಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕಚೇರಿಗಳಲ್ಲಿ ಕೂತವರೇ ಮಾಡಿರಬೇಕು. ಜನನ ದರ ಇಳಿಯುತ್ತ ಬರಬೇಕೆಂದು ಮೇಲಿನವರು ಮೊದಲೇ ಎಳೆದಿಟ್ಟ ಗೆರೆಯೊಂದಿತ್ತು, ಈ ಶೆಡ್ಡುಗಳ ಲೆಕ್ಕ ಅದರಿಂದ ಮೇಲಕ್ಕೆ ಚಿಮ್ಮಿತ್ತು. ಆಗ ಪರಿಶೀಲನೆಗೆಂದು ಒಬ್ಬ ತಜ್ಞರು ಬಂದರು. ಹಂಪಿಗೆ ಎರಡು ದಿನ ಕೊಟ್ಟರು, ಶೆಡ್ಡುಗಳಿಗೆ ಅರ್ಧ ಗಂಟೆ ಕೊಟ್ಟರು, ಅದೂ ಕಾರಿನಿಂದ ಇಳಿಯದೆ. 'ಇದು ಸಾಧ್ಯವೇ ಇಲ್ಲ' ಎಂದು ತೀರ್ಪು ಕೊಟ್ಟು ಹೋದರು. ಹತ್ತೊಂಬತ್ತು ಸಾಲುಗಳ ಮೇಲೆ ಕೆಂಪು ಗೆರೆ ಬಿತ್ತು, ಮೆಮೊ ಹೊರಟಿತು. ಆ ಕೆಂಪು ಗೆರೆ ಎಳೆದವನು ನಾನು, ಮೆಮೊಗೆ ಸಹಿ ಹಾಕಿದವನೂ ನಾನೇ. ಅವರು ಕೊಡಿಸಿದ ಒಗ್ಗರಣೆ ತಿಂದು, ಅವರಿಂದಲೇ ಕೆಲಸ ಕಲಿತ ಕೈ ಇದು.

ಸಾಲು ಅಳಿಸಿದರೆ ಅಳಿಯುವುದು ಹುಟ್ಟೊಂದೇ ಅಲ್ಲ, ಸಾವೂ ಅಳಿಯುತ್ತದೆ. ಆ ಶೆಡ್ಡುಗಳಲ್ಲಿ ಶಿಶುಮರಣ ಸೊನ್ನೆ ಎಂದಾಯಿತು. ಸೊನ್ನೆ ಇರುವ ಕಡೆ ನರ್ಸ್ ಏಕೆಂದು, ವಾರಕ್ಕೆರಡು ಸಲ ಬರುತ್ತಿದ್ದ ಸುಕನ್ಯಾ ಸಿಸ್ಟರ್ ಅವರನ್ನು ಬೇರೆ ಕಡೆ ಹಾಕಿದರು. ಆ ಅಂಕಿ ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೇಶಕ್ಕೆ, ಅಲ್ಲಿಂದ ಜಗತ್ತಿನ ಕೋಷ್ಟಕಕ್ಕೆ ಹೋಗಿ ಸೇರಿತು. ಕೆಲವು ವರ್ಷಗಳ ನಂತರ 'ಹಿಂದಿನ ಅಂದಾಜುಗಳನ್ನು ಪರಿಷ್ಕರಿಸಲಾಗಿದೆ' ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಒಂದು ಅಡಿಟಿಪ್ಪಣಿ ಬಂತು. ಯಾರು ಸರಿ ಇದ್ದರು, ಯಾರನ್ನು ಸುಳ್ಳುಗಾರರೆಂದು ಕರೆಯಲಾಗಿತ್ತು ಎಂಬುದನ್ನು ಯಾರೂ ಬರೆಯಲಿಲ್ಲ.

ಯಮುನಾಬಾಯಿಯವರು ಕೂಗಾಡಲಿಲ್ಲ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕಚೇರಿಗೆ ಒಂದೇ ಒಕ್ಕಣೆಯ ಅರ್ಜಿ ಹಾಕಿದರು: ಮೆಮೊ ಇರಲಿ, ಕೂಸುಗಳನ್ನು ಸೇರಿಸಿ. ಅಂಥ ಹದಿನಾರು ಅರ್ಜಿಗಳಿವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತೆ ನಾನೂ ಕಳೆದ ವರ್ಷ ಬರೆದೆ, ಮೆಮೊ ತಪ್ಪು, ಹಿಂಪಡೆಯಿರಿ ಎಂದು. ಬಂದ ಉತ್ತರವನ್ನು ಓದುಗರು ಓದಿ ಆನಂದಿಸಬೇಕು: ಅವಧಿ ಮೀರಿದ್ದರಿಂದ ಮೂಲ ನಮೂನೆಗಳನ್ನು ನಾಶಪಡಿಸಲಾಗಿದೆ, ಪರಿಶೀಲಿಸಲು ದಾಖಲೆ ಇಲ್ಲದ ಕಾರಣ ಮೆಮೊ ಹಾಗೆಯೇ ಇರುತ್ತದೆ. ಸಾಕ್ಷ್ಯ ಸುಟ್ಟರಂತೆ, ಅಪವಾದವನ್ನು ಉಳಿಸಿಕೊಂಡರಂತೆ.

ಈ ಲೇಖನಕ್ಕಾಗಿ ಹೋದ ತಿಂಗಳು ಹೊಸಪೇಟೆಯ ಅವರ ಮನೆಗೆ ಹೋದೆ. ಕಾಫಿ ಕೊಟ್ಟು ಕುಳ್ಳಿರಿಸಿದರು. ಹದಿನಾರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಆಡಿದೆ: "ತಪ್ಪು ನನ್ನದು, ಬಾಯಿಯವರೇ. ಆ ಹತ್ತೊಂಬತ್ತೂ ನಿಜವಾಗಿ ಇದ್ದವೆಂದು ಗ್ರಂಥದಲ್ಲಿ ಬರೆಯುತ್ತೇನೆ."

ಅವರು ಒಳಗೆ ಹೋಗಿ ತಮ್ಮ ಸ್ವಂತದ ನೋಟುಬುಕ್ಕು ತಂದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಹತ್ತೊಂಬತ್ತು ಅಂತ ಬರೀಬ್ಯಾಡ್ರಿ ಸಾಹೇಬ್ರ. ಇಪ್ಪತ್ತು. ಸುಕನ್ಯಾ ಸಿಸ್ಟರ್ ಹೋದ ಮ್ಯಾಲ ಜಂಬವ್ವಗ ಇನ್ನೊಂದು ಆತು. ಐದು ದಿನ ಇತ್ತು."

ನಾನು ಹತ್ತೊಂಬತ್ತನ್ನು ಹೊಡೆದು ಇಪ್ಪತ್ತೆಂದು ಬರೆದುಕೊಂಡೆ. ಅವರು ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಲೆಕ್ಕ ಸರಿಮಾಡಿದರು, ಅಷ್ಟೇ.

ನಿವೃತ್ತಿಯ ನಂತರವೂ ಅವರು ಆ ನೋಟುಬುಕ್ಕು ಹಿಡಿದು ಶೆಡ್ಡುಗಳಿಗೆ ಹೋಗುತ್ತಿದ್ದಾರೆಂದು ಕೇಳಿದ್ದೇನೆ. ವಿರೂಪಾಕ್ಷನು ಅವರಿಗೆ ದೀರ್ಘಾಯುಷ್ಯವನ್ನೂ ನಡೆಯಲು ಗಟ್ಟಿ ಕಾಲುಗಳನ್ನೂ ಕೊಡಲಿ, ಅವರು ಕೇಳುವ ಪ್ರಶ್ನೆಗೆ ಬಾಗಿಲು ತೆರೆಯುವ ತಾಯಂದಿರೂ ಸಿಗುತ್ತಿರಲಿ. ಸಂಪಾದಕರಲ್ಲಿ ನನ್ನದೊಂದೇ ಪ್ರಾರ್ಥನೆ. ಲೇಖನ ಉದ್ದವಾಯಿತೆಂದು ನನ್ನ ಹೆಸರು, ಹುದ್ದೆ, ಹೊಗಳಿಕೆಯ ಮಾತು ಏನನ್ನು ಬೇಕಾದರೂ ಕತ್ತರಿಸಿ. ಇಪ್ಪತ್ತು ಎಂಬ ಅಂಕಿಯನ್ನು ಮಾತ್ರ ಮುಟ್ಟಬೇಡಿ.